ಅಕ್ಕನ ಪಾಲು

ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಹೊತ್ತು ಬದಿಗಿಟ್ಟು ಇತ್ತ ಕಿವಿಗೊಡಿ, ಬಂಧುಗಳೇ. ನಮ್ಮ ನಡುವೆಯೇ ಬಾಳುತ್ತಿರುವ, ನಿಮ್ಮಲ್ಲಿ ಅನೇಕರ ಪುಸ್ತಕಗಳಿಗೆ ರಟ್ಟು ಕಟ್ಟಿಕೊಟ್ಟಿರುವ ಒಬ್ಬ ಮನುಷ್ಯನ ಸಂಗತಿ ಇದು. ಹೇಳಲು ಆತನೇ ಒಪ್ಪಿಗೆ ಕೊಟ್ಟಿದ್ದಾನೆ. ಕೊಡುವಾಗ ಆತನ ತಲೆ ತಗ್ಗಿತ್ತು.

ಬೆರಳ ಸಂದಿಯಲ್ಲಿ ಸದಾ ಅಂಟು ಒಣಗಿರುವುದರಿಂದ ಬೀದಿಯ ಮಕ್ಕಳು ಆತನನ್ನು ಗೋಂದಣ್ಣ ಎನ್ನುತ್ತಾರೆ. ಅಂಗಡಿಯೆಂದರೆ ಒಂದೇ ಕೋಣೆ: ಉದ್ದನೆಯ ಮೇಜು, ಪುಸ್ತಕಗಳನ್ನು ಅದುಮಿಡುವ ಕಬ್ಬಿಣದ ತಿರುಪುಯಂತ್ರ, ಗೋಡೆಗೆ ಒರಗಿದ ರಟ್ಟಿನ ಕಂತೆಗಳು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ತಾಯಿ ನೆಟ್ಟ ಮಾವಿನ ಮರ. ಹಣ್ಣಿನಲ್ಲಿ ಅರ್ಧ ಮಗನಿಗೆ, ಅರ್ಧ ಮಗಳಿಗೆ ಎಂದು ತಾಯಿ ಕಣ್ಣು ಮುಚ್ಚುವ ಮುಂಚೆ ಹೇಳಿದ್ದಳು. ಆ ಮಗಳು, ಗೋಂದಣ್ಣನ ಅಕ್ಕ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಎರಡು ಬೀದಿ ಆಚೆ ಒಬ್ಬಳೇ ಇದ್ದಾಳೆ. ಪ್ರತಿವರ್ಷ ತಮ್ಮ “ಹಣ್ಣಾಗಿದೆ, ಬಾ” ಎಂದು ಹೇಳಿಕಳುಹಿಸುತ್ತಿದ್ದ. ಆಕೆ ಚೀಲ ಹಿಡಿದು ಬಂದು, ತಮ್ಮನ ಕಾಲೆಳೆದು, ಆತನ ಹೆಂಡತಿಯೊಂದಿಗೆ ನಕ್ಕು, ತನ್ನ ಪಾಲು ಒಯ್ಯುತ್ತಿದ್ದಳು.

ನಾಲ್ಕು ವರ್ಷದ ಹಿಂದೆ, ಹಣ್ಣಿನ ಕಾಲಕ್ಕೆ ಸ್ವಲ್ಪ ಮುಂಚೆ, ಅಕ್ಕ ತನ್ನ ಹಳೆಯ ಪ್ರಾರ್ಥನೆಯ ಪುಸ್ತಕಕ್ಕೆ ಹೊಸ ರಟ್ಟು ಹಾಕಿಕೊಡೆಂದಳು. ಆತ ಅಕ್ಕರೆಯಿಂದ ಕಟ್ಟಿದ. ಬೆನ್ನಿಗೆ ಒಳ್ಳೆಯ ಬಟ್ಟೆ, ಮುಖಕ್ಕೆ ಹೊನ್ನಿನ ಬಣ್ಣದ ಅಕ್ಷರ. ಆದರೆ ಅಂಟು ಆರುವ ಮುಂಚೆ ಮುಗಿಸುವ ಅವಸರದಲ್ಲಿ ಒಳಗಿನ ಹಾಳೆಗಳನ್ನು ತಲೆಕೆಳಗಾಗಿ ಕೂರಿಸಿಬಿಟ್ಟ. ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವಾಗಲೇ ಅಕ್ಕ ಪುಸ್ತಕ ತೆರೆದಳು.

“ಓದು ಹತ್ತದವನ ಕೈಗೆ ಪುಸ್ತಕ ಕೊಟ್ರೆ ಇನ್ನೇನಾಗುತ್ತೆ, ಬಿಡಿ,” ಎಂದಳು.

ಎಲ್ಲರೂ ನಕ್ಕರು. ಗೋಂದಣ್ಣನೂ ನಕ್ಕ. ಆದರೆ ಆತ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಆ ಮೇಜಿನ ಮುಂದೆ ಕೂತದ್ದು, ಮನೆಯಲ್ಲಿ ಒಬ್ಬರನ್ನಷ್ಟೇ ಓದಿಸುವ ಶಕ್ತಿಯಿದ್ದಾಗ ಆ ಒಬ್ಬರು ಅಕ್ಕನಾಗಲಿ ಎಂದು. ಆ ಸಂಗತಿಯನ್ನು ಆತ ಎಂದೂ ಬಾಯಿ ಬಿಟ್ಟು ಆಡಿರಲಿಲ್ಲ. ಅಂದೂ ಆಡಲಿಲ್ಲ. ಆ ವರ್ಷ ಹಣ್ಣು ಮಾಗಿದಾಗ ಹೇಳಿಕಳುಹಿಸಲಿಲ್ಲ, ಅಷ್ಟೇ. ಬೇಕಿದ್ದರೆ ತಾನೇ ಬಂದು ಕೇಳಲಿ ಎಂದು ಆತ ಇಲ್ಲಿ. ಕರೆಯದೆ ಹೇಗೆ ಹೋಗಲಿ ಎಂದು ಆಕೆ ಅಲ್ಲಿ.

ತಾಯಿಯ ಮಾತು ಮೀರಿ ಅಕ್ಕನ ಪಾಲನ್ನು ತಿನ್ನಲೂ ಮನಸ್ಸು ಬಾರದು. ಹೀಗಾಗಿ ಫ್ರೀಜರಿನಲ್ಲಿ ಕಾದಿಡತೊಡಗಿದ. ಅದನ್ನೂ ತನ್ನ ಕಸುಬಿನ ಶಿಸ್ತಿನಿಂದಲೇ ಮಾಡಿದ. ಹಣ್ಣು ಪೂರ್ತಿ ಮಾಗಿದ ದಿನವೇ ಕತ್ತರಿಸಬೇಕು; ಒಂದು ದಿನ ಮುಂಚೆಯಾದರೆ ಹುಳಿ ಹಾಗೆಯೇ ಉಳಿಯುತ್ತದೆ, ಏಕೆಂದರೆ ಮಂಜುಗಟ್ಟಿದ ಮೇಲೆ ಹಣ್ಣು ಮಾಗುವುದಿಲ್ಲ. ಅಂಗಡಿಯ ಮೇಣಗಾಗದವನ್ನು ತಟ್ಟೆಗೆ ಹಾಸಿ, ಒಂದು ಹೋಳು ಇನ್ನೊಂದಕ್ಕೆ ತಾಗದಂತೆ ಹರವಿ, ಕಲ್ಲಿನಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬುತ್ತಿದ್ದ. ಪುಸ್ತಕ ಅದುಮಿದಂತೆ ಚೀಲವನ್ನು ಅದುಮಿ ಗಾಳಿ ತೆಗೆದು, ಚೀಟಿ ಅಂಟಿಸುತ್ತಿದ್ದ: “ಅಕ್ಕನ ಪಾಲು”, ಕೆಳಗೆ ವರ್ಷ.

ಹಣ್ಣು ಕಾದಿಡುವುದು ತಪ್ಪಲ್ಲ, ಬಂಧುಗಳೇ. ದೇವರು ಕೊಟ್ಟದ್ದನ್ನು ಕೆಡಿಸದಿರುವುದು ಒಳ್ಳೆಯ ಮನೆವಾರ್ತೆ. ಆದರೆ ಆ ಚೀಲಗಳೊಡನೆ ಗೋಂದಣ್ಣ ಇನ್ನೇನನ್ನು ಕಾದಿಡುತ್ತಿದ್ದ ಎಂಬುದನ್ನು ಹೆಂಡತಿ ಬಲ್ಲಳು.

“ಒಂದು ಲೋಟ ಐಸ್ ಮಾಡೋಣ ಅಂದ್ರೂ ಜಾಗ ಇಲ್ಲ,” ಎನ್ನುತ್ತಿದ್ದಳು. “ಅಕ್ಕ ಮನೆಗೆ ಬರಲ್ಲ, ಅಕ್ಕನ ಪಾಲು ಮನೆ ಬಿಟ್ಟು ಹೋಗಲ್ಲ.”

ಈ ವರ್ಷ, ಮರದಲ್ಲಿ ಕಾಯಿ ಇನ್ನೂ ಹಸಿರಾಗಿರುವಾಗ, ಫ್ರಿಜ್ ಕೆಟ್ಟು ನಿಂತಿತು. ರಿಪೇರಿಯವನು ಹಿಂಬದಿಗೆ ಕಿವಿಯಿಟ್ಟು ಕೇಳಿ, ನಾಳೆಯವರೆಗೆ ಆಗದು, ಎಲ್ಲವನ್ನೂ ಹೊರಗೆ ತೆಗೆಯಿರಿ ಎಂದ. ಚೀಲಗಳು ಮೇಜಿನ ಮೇಲೆ ಬೆವರತೊಡಗಿದವು. ಒಮ್ಮೆ ಕರಗಿದ ಹಣ್ಣನ್ನು ಮತ್ತೆ ಮಂಜುಗಟ್ಟಿಸಿದರೆ ಮುದ್ದೆಯಾಗುತ್ತದೆಂದು ಗೋಂದಣ್ಣನಿಗೆ ಗೊತ್ತು. ಹೆಂಡತಿ ಒಂದು ಬುಟ್ಟಿಯನ್ನು ತಂದು ಆತನ ಮುಂದಿಟ್ಟಳು.

ಅಕ್ಕ ಬಾಗಿಲು ತೆರೆದು ಬುಟ್ಟಿಯನ್ನು ನೋಡಿದಳು, ತಮ್ಮನನ್ನು ನೋಡಿದಳು. “ದಾರಿ ನೆನಪಿದೆಯಲ್ಲ, ಪುಣ್ಯ. ಬಾರೋ,” ಎಂದಳು. ಚೀಟಿಗಳನ್ನು ಒಂದೊಂದಾಗಿ ಓದಿದಳು. ಓದುತ್ತ ಓದುತ್ತ ಆಕೆಯ ನಗು ಇಳಿಯಿತು. ಒಂದು ಹೋಳನ್ನು ಬಾಯಿಗಿಟ್ಟು ತುಂಬ ಹೊತ್ತು ಅಗಿದಳು.

“ಹೇಗಿದೆ ಅಕ್ಕಾ?”

“ತಣ್ಣಗಿದೆ.”

“ಸಿಹಿ?”

“ಎರಡು ವರ್ಷದ ಹಿಂದೆ ಜ್ವರ ಬಂತು ಕಣೋ. ಆವತ್ತಿಂದ ರುಚಿ, ವಾಸನೆ ಎರಡೂ ಹೋಯ್ತು. ಈಗ ನೀನು ನಿನ್ನ ಗೋಂದು ಕೊಟ್ರೂ ಹಣ್ಣು ಅಂತ ತಿಂದುಬಿಡ್ತೀನಿ.”

ಆತನಿಗೆ ನಗು ಬರಲಿಲ್ಲ. ಎರಡು ಬೀದಿ ಆಚೆ ಅಕ್ಕ ಜ್ವರದಲ್ಲಿ ಮಲಗಿದ್ದದ್ದೂ ಆತನಿಗೆ ತಿಳಿದಿರಲಿಲ್ಲ. ಬುಟ್ಟಿಯಲ್ಲಿದ್ದ ಮೊದಲೆರಡು ವರ್ಷಗಳ ಚೀಲಗಳು ಆಕೆಗೆ ರುಚಿ ಇದ್ದಾಗಿನವು. ಆಗ ತಂದಿದ್ದರೆ! ಈಗ ಆ ಹೋಳುಗಳೂ ಬಿಳುಚಿ, ಫ್ರೀಜರಿನ ವಾಸನೆ ಹಿಡಿದಿದ್ದವು.

“ನಾನು ಶಾಲೆ ಬಿಟ್ಟಿದ್ದು ಯಾಕೆ ಅಂತ ನಿನಗೆ ಗೊತ್ತಿರಲಿಲ್ವಾ ಅಕ್ಕಾ?” ಎಂದು ಕೊನೆಗೂ ಕೇಳಿದ.

“ಗೊತ್ತಿತ್ತು. ಬಾಯಿ ಮುಂದೆ ಓಡ್ತು. ಹಿಂದಿಂದ ಓಡಿ ಬಂದು ತಪ್ಪಾಯ್ತು ಅಂತ ಹೇಳೋಕೆ ನನಗೂ ಕಾಲು ಬರಲಿಲ್ಲ.”

ಪ್ರಾರ್ಥನೆಯ ಪುಸ್ತಕ ಕಿಟಕಿಯ ಬಳಿ ಇತ್ತು. ಹೊನ್ನಿನ ಅಕ್ಷರ ತಲೆಕೆಳಗಾಗಿ, ಅಂಚು ಸವೆದು. ಬೇರೆ ಯಾರ ಕೈಲೂ ಆಕೆ ಅದನ್ನು ಬಿಚ್ಚಿಸಿ ಕಟ್ಟಿಸಿರಲಿಲ್ಲ. ದಿನವೂ ಹಾಗೆಯೇ ಹಿಡಿದು ಪ್ರಾರ್ಥಿಸಿದ್ದಳು.

ಕಳೆದ ವಾರ ಮರದ ಮೊದಲ ಹಣ್ಣು ಮಾಗಿತು. ಗೋಂದಣ್ಣ ಅಂದೇ ಅಂಗಡಿ ಮುಚ್ಚಿ ಅದನ್ನು ಒಯ್ದ. ಅಕ್ಕ ತಿಂದಳು, ಹೇಗಿದೆ ಹೇಳು ಎಂದು ತಮ್ಮನನ್ನೇ ಕೇಳಿದಳು. ಮಾತು ಕಡಿಮೆಯ ಆ ಮನುಷ್ಯ ಒಂದು ಹೋಳು ಕಚ್ಚಿ, ತಡವರಿಸುತ್ತ, ತೊಟ್ಟಿನ ಬಳಿ ಚೂರು ಹುಳಿ, ಒಳಗೆ ಜೇನು, ಅಮ್ಮ ಕತ್ತರಿಸಿ ಕೊಡುತ್ತಿದ್ದಳಲ್ಲ, ಹಾಗೆ ಎಂದ. ಆಕೆ ಕಣ್ಣು ಮುಚ್ಚಿ ಕೇಳಿದಳು. ಹೋದ ರುಚಿ ಬರಲಿಲ್ಲ. ಬರುವುದೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ.

ನಿಮ್ಮ ಮನೆಯಲ್ಲಿ ಯಾರ ಪಾಲು ತಣ್ಣಗೆ ಕೂತಿದೆಯೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತು, ದೇವರಿಗೆ ಗೊತ್ತು. ಅವರು ಬಂದು ಕೇಳಲಿ ಎಂದು ಕಾಯಬೇಡಿ. ಇದನ್ನು ಓದಿ ಕೆಳಗಿಟ್ಟವರೇ, ಕೈ ತೊಳೆದು, ಬುಟ್ಟಿ ತುಂಬಿಕೊಂಡು, ನೀವೂ ಆ ಎರಡು ಬೀದಿ ದಾಟಿ ಹೋಗಿ.