ಕಾಣುವಂತೆ ಬಿಟ್ಟ ಕೀಲು

ಬೆಳಕು ಪೂರ್ತಿ ಹರಿಯುವ ಮೊದಲೇ ಕುಸುರಿಯಕ್ಕ ಕಿಟಕಿಯ ಪರದೆ ಎಳೆದು ಫ್ಯಾನ್ ಆರಿಸುತ್ತಾರೆ. ಗಾಳಿ ಬಂದರೆ ಜ್ವಾಲೆ ಅಲುಗುತ್ತದೆ. ಬಿಸಿಲು ಬಂದರೆ ಕಾದ ಬೆಳ್ಳಿಯ ಬಣ್ಣ ತಿಳಿಯುವುದಿಲ್ಲ. ಬೆಳ್ಳಿ ಕೆಂಪಗಾಗುವುದಕ್ಕೂ ಕರಗಿ ಕುಸಿಯುವುದಕ್ಕೂ ನಡುವೆ ಸಿಗುವುದು ಒಂದು ಉಸಿರಿನಷ್ಟು ಹೊತ್ತು. ಆದ್ದರಿಂದ ಈ ಮನೆಯಲ್ಲಿ ಬೆಂಕಿಯ ಕೆಲಸವೆಲ್ಲ ನಸುಕಿನಲ್ಲೇ.

“ನಮ್ಮನೇಲಿ ಅಡುಗೆಗಿಂತ ಮುಂಚೆ ಬೆಳ್ಳಿ ಬೇಯುತ್ತೆ. ನನ್ನ ಮಗ ಇವಳನ್ನ ಕಟ್ಕೊಂಡ, ಫ್ಯಾನನ್ನ ಬಿಟ್ಟ,” ಎನ್ನುತ್ತಾರೆ ಅವರ ಅತ್ತೆ. ಬಾಗಿಲ ಬಳಿ ಕೂತು ಮಣಿಗಳನ್ನು ಬಣ್ಣದ ಪ್ರಕಾರ ಬಟ್ಟಲುಗಳಿಗೆ ಹಾಕುವುದು ಅವರ ಕೆಲಸ.

ಈ ಹೊತ್ತು ಇಟ್ಟಿಗೆಯ ಮೇಲೆ ಒಂದು ಬಳೆಯ ಎರಡು ತುಂಡುಗಳಿವೆ. ದಪ್ಪ ತಂತಿಗಳನ್ನು ಹಗ್ಗದಂತೆ ಹೆಣೆದು ಮಾಡಿದ ಹಳೆಯ ಬೆಳ್ಳಿ ಬಳೆ. ಪಕ್ಕದ ಸ್ಟೂಲಿನಲ್ಲಿ ಅದನ್ನು ತಂದವರು ಕೂತಿದ್ದಾರೆ. ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮ. ಬಳೆ ಅವರ ತಾಯಿಯದು. ತಾಯಿ ಹೋಗಿ ತಿಂಗಳಾಗಿಲ್ಲ.

ಕುಸುರಿಯಕ್ಕ ಬರ್ನರ್ ಹಚ್ಚಿ ನೀಲಿ ಜ್ವಾಲೆಯನ್ನು ದೂರದಿಂದ ತರುತ್ತಾರೆ. ಬೆಳ್ಳಿ ಇನ್ನೂ ಬಣ್ಣ ತಿರುಗಿಲ್ಲ. ಅಷ್ಟರಲ್ಲೇ ಒಂದು ತುದಿಯಲ್ಲಿ ಹೊಳೆಯುವ ಹನಿಯೊಂದು ಮೂಡಿ ತಂತಿಗಳ ಸಂದಿಗೆ ಓಡುತ್ತದೆ. ಅವರು ತಟ್ಟನೆ ಬೆಂಕಿ ಆರಿಸುತ್ತಾರೆ.

“ಇದಕ್ಕೆ ಯಾರೋ ಆಗ್ಲೇ ಕೈ ಹಾಕಿದಾರೆ.”

ಟೈಲರಮ್ಮ ತುಂಡುಗಳಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡುತ್ತಾರೆ.

“ಅಕ್ಕ, ನಿನ್ನೆ ಕೇಳಿದ್ದೆ. ಹೊಸದಾಗಿ ತುಂಡಾಗಿದ್ದು ಅಂದ್ರಿ.”

“ನೀವು ಬೈತೀರ ಅಂತ ಹೇಳ್ಲಿಲ್ಲ. ನಮ್ಮ ತಮ್ಮ ಅಂಟಿಸೋಕೆ ನೋಡ್ದ. ನಿಲ್ಲಲಿಲ್ಲ. ಆಮೇಲೆ ಚೆನ್ನಾಗಿ ಉಜ್ಜಿ ಕೊಟ್ಟ.”

ತಮ್ಮನಿಗೆ ಫೋನ್ ಹೋಗುತ್ತದೆ. ಅವನು ರೇಡಿಯೋ, ಟೀವಿ ರಿಪೇರಿ ಮಾಡುವವನು. ನಿದ್ದೆ ಹರಿಯದ ದನಿ ಕೋಣೆಗೆಲ್ಲ ಕೇಳಿಸುತ್ತದೆ. “ರೇಡಿಯೋಗೆ ಹಾಕ್ತೀನಲ್ಲ, ಅದೇ ಬೆಸುಗೆ ಅಕ್ಕ. ಒಳ್ಳೇ ಕಂಪನೀದು.”

“ಇಷ್ಟು ಮಾಡಿದೋನು ಒಂದು ಗುಂಡಿ ಕೂಡ ಇಟ್ಟಿದ್ರೆ ಸ್ಟೇಷನ್ ತಿರುಗಿಸಿ ಹಾಡು ಕೇಳ್ಬಹುದಿತ್ತು,” ಎನ್ನುತ್ತಾರೆ ಅತ್ತೆ.

ರೇಡಿಯೋ ಬೆಸುಗೆಯಲ್ಲಿ ಸೀಸವಿದೆ. ಬೆಳ್ಳಿಗೆ ತಾಗಿ ತಣ್ಣಗೆ ಕೂತಿರುವವರೆಗೆ ತೊಂದರೆಯಿಲ್ಲ. ಬೆಳ್ಳಿಯ ಬೆಸುಗೆಗೆ ಬೇಕಾದಷ್ಟು ಕಾಯಿಸಿದರೆ ಅದು ಗೆದ್ದಲಿನ ಹಾಗೆ ಬೆಳ್ಳಿಯನ್ನು ಒಳಗಿನಿಂದ ತಿನ್ನುತ್ತದೆ. ಮೇಲೆ ಕೆರೆದು ತೆಗೆಯಬಹುದು. ಆದರೆ ಹೆಣೆದ ತಂತಿಗಳ ಸಂದಿಯಲ್ಲಿ ಎಲ್ಲಿಯವರೆಗೆ ಹರಿದಿದೆ ಎಂದು ನೋಡುವ ದಾರಿಯಿಲ್ಲ.

“ಒಂದು ಸಲ ನೋಡೇಬಿಡಿ,” ಎನ್ನುತ್ತಾರೆ ಟೈಲರಮ್ಮ. “ಅದೃಷ್ಟ ಇದ್ರೆ ಕೂಡ್ಕೊಳ್ಳುತ್ತೆ.”

“ನನ್ನ ಡಬ್ಬೀಲಿ ಬೆಸುಗೆಗೆ ಹಚ್ಚೋ ಬಿಳಿಗಾರ ಇದೆ, ಅದೃಷ್ಟ ಇಲ್ಲ. ಕೈ ಕೊಟ್ರೆ ಅಮ್ಮನ ಬಳೆ ಕಣ್ಣೆದುರೇ ತೂತು ಬೀಳುತ್ತೆ.”

ಬೇರೆ ದಿನವಾಗಿದ್ದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. ಇಂದು ಹನ್ನೊಂದರ ಬಸ್ಸಿಗೆ ಟೈಲರಮ್ಮನ ತಂಗಿ ಊರು ಬಿಡುತ್ತಾಳೆ. ಬಳೆ ಅವಳಿಗೆ ಸೇರಬೇಕು. ತಾಯಿಯ ಕೊನೆಯ ದಿನಗಳಲ್ಲಿ ಡ್ರಿಪ್ ಹಾಕಿದ ಕೈ ಊದಿಕೊಂಡಿತ್ತು. ಆಸ್ಪತ್ರೆಯವರು ಬಳೆಯನ್ನು ಎರಡು ಕಡೆ ಕತ್ತರಿಸಿ, ತುಂಡುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಸಹಿ ಮಾಡಿಸಿಕೊಂಡು ಕೊಟ್ಟರು. ತಂಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಟೈಲರಮ್ಮ ಹೇಳಿರುವುದೇ ಬೇರೆ: ಅಮ್ಮನೇ ಕೈಯಿಂದ ಬಿಚ್ಚಿ, ಇದು ಚಿಕ್ಕವಳಿಗೆ ಅಂತ ಕೊಟ್ಟಳು.

“ಕತ್ತರಿಸಿದ್ದು ಅವಳಿಗೆ ಗೊತ್ತಾಗಬಾರದು. ಅಷ್ಟು ಮಾಡಿಕೊಡಿ ಸಾಕು.”

ಗೊತ್ತಾಗದಂತೆ ಸೇರಿಸುವುದು ಕುಸುರಿಯಕ್ಕನ ಕೆಲಸವೇ. ಮದುವೆಗೆ ಮುಂಚೆ ಅವರು ಒಂದು ಆಭರಣದಂಗಡಿಯ ಹಿಂದಿನ ಕೋಣೆಯಲ್ಲಿ ಮಣಿ ಪೋಣಿಸುತ್ತಿದ್ದರು. ಹೆಂಗಸರಿಗೆ ಅಲ್ಲಿ ದಾರ ಮತ್ತು ಪಾಲಿಶ್ ಮಾತ್ರ. ಬೆಂಕಿಯ ಮೇಜು ಗಂಡಸರದು. ಪೋಣಿಸುತ್ತಲೇ ಓರೆಗಣ್ಣಿನಲ್ಲಿ ನೋಡಿ ಕಲಿತರು. ಅಂಗಡಿ ಮುಚ್ಚಿದಾಗ ಮೇಜನ್ನು ತಮಗೆ ಕೊಡಿ ಎಂದು ಕೇಳಿದರು. ಸುಟ್ಟ ಕಲೆಗಳ ಆ ಮೇಜೇ ಈಗ ಈ ಕೋಣೆಯ ಅರ್ಧ ತುಂಬಿದೆ. ಅದರ ಅಂಚಿಗೆ ಒಂದು ಚರ್ಮದ ಜೋಳಿಗೆ ಕಟ್ಟಿದ್ದಾರೆ. ಅರ ಹಾಕುವಾಗ ಉದುರುವ ಬೆಳ್ಳಿಯ ಪುಡಿ ಅದಕ್ಕೆ ಬೀಳುತ್ತದೆ. ಕೋಣೆಯ ಕಸವನ್ನು ಬೇರೆ ಯಾರೂ ಗುಡಿಸುವಂತಿಲ್ಲ.

ಅವರ ಕೈಯಿಂದ ದಿನಕ್ಕೆ ಎರಡು ಜೊತೆ ಓಲೆ ಮುಗಿದರೆ ಅದು ಒಳ್ಳೆಯ ದಿನ. ಬಿಸಿಲು ಮೇಜಿಗೆ ಬಂದ ಮೇಲೆ ಅರ, ಉಜ್ಜುವ ಕಾಗದ. ಆಮೇಲೆ ಕಿಟಕಿಯ ಕಟ್ಟೆಯ ಮೇಲಿಟ್ಟು ಫೋನಿನಲ್ಲಿ ಫೋಟೋ. ಮಧ್ಯಾಹ್ನ ಪಾರ್ಸೆಲ್. ವಾರದ ಕೊನೆಯಲ್ಲಿ ಸಂತೆಯ ಮೂಲೆಯಲ್ಲಿ ಒಂದು ಮೇಜು. ಅಲ್ಲಿಗೆ ಬರುವವರಲ್ಲಿ ಕೆಲವರು ಕೊಳ್ಳುತ್ತಾರೆ, ಹೆಚ್ಚಿನವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮುಂದಿನ ವಾರ ಅದೇ ಓಲೆ, ಮೆಷಿನ್ನಿನಲ್ಲಿ ಒತ್ತಿದ್ದು, ಎದುರಿನ ಮೇಜಿನಲ್ಲೇ ತೂಗುತ್ತಿರುತ್ತದೆ.

“ಒಬ್ರು ಬಂದು, ನಿಮ್ಮದೂ ಅವರದೂ ಒಂದೇ ಥರ ಇದೆಯಲ್ಲ, ನೀವು ಅವರದನ್ನ ಕದ್ರಾ ಅಂತ ಕೇಳಿದ್ರು,” ಎಂದು ಹೇಳುವಾಗಲೂ ಕುಸುರಿಯಕ್ಕನ ಕೈ ನಿಲ್ಲುವುದಿಲ್ಲ. “ಎಲ್ಲಿ ಸೇರಿಸಿದೀರ ಅಂತ ಯಾರಾದ್ರೂ ಹುಡುಕಿ ಸೋತ್ರೆ ಆ ದಿನ ಖುಷಿ. ಆದ್ರೆ ಕಾಣದೇ ಇರೋ ಕೆಲಸಕ್ಕೆ ಹೊಗಳಿ ಅಂತ ಕೇಳೋದು ಹೇಗೆ?”

ಪರದೆಯ ಅಂಚಿನಲ್ಲಿ ಬೆಳಕು ಬಿಳಿಯಾಗುತ್ತಿದೆ. ಅವರು ಬಳೆಯ ತುಂಡುಗಳನ್ನು ಇಟ್ಟಿಗೆಯಿಂದ ಎತ್ತಿ ಒಂದು ಬಟ್ಟೆಯ ಮೇಲಿಡುತ್ತಾರೆ.

“ಕೇಳಿ ಅಕ್ಕ. ಇದನ್ನ ಬೆಂಕಿಗೆ ಹಿಡಿಯಲ್ಲ. ನಾಲ್ಕು ತುದಿಗೂ ಪುಟ್ಟ ಬೆಳ್ಳಿ ಟೋಪಿ ಮಾಡ್ತೀನಿ. ಟೋಪಿಗೆ ಬೇಕಾದ್ರೆ ಬೆಂಕಿ ತೋರಿಸ್ಬಹುದು, ಅದು ಹೊಸ ಬೆಳ್ಳಿ. ಆಮೇಲೆ ತುದಿಗೆ ತೊಡಿಸಿ ಅಡ್ಡ ಮೊಳೆ ಹೊಡೀತೀನಿ. ಒಂದು ಕಡೆ ಕೀಲು, ಇನ್ನೊಂದು ಕಡೆ ಎಳೆದ್ರೆ ಬರೋ ಮೊಳೆ. ಬಾಗಿಲಿನ ಹಾಗೆ ತೆಗೆದು ಹಾಕ್ಬಹುದು.”

“ಕಾಣುತ್ತಲ್ವಾ?”

“ಕಾಣುತ್ತೆ.”

“ಹಾಗಾದ್ರೆ ಅವಳಿಗೆ ಏನು ಹೇಳ್ಲಿ?”

“ಅದು ನನ್ನ ಕೆಲಸ ಅಲ್ಲ ಅಕ್ಕ.”

ಟೈಲರಮ್ಮ ಎದ್ದು ತುಂಡುಗಳಿಗೆ ಕೈ ಚಾಚುತ್ತಾರೆ. ಹಾಗೇ ನಿಲ್ಲುತ್ತಾರೆ. ಅತ್ತೆ ಒಂದು ಕೆಂಪು ಮಣಿಯನ್ನು ಬೇರೆ ಬಟ್ಟಲಿಗೆ ಹಾಕಿ, “ಕೂತ್ಕೊಳಮ್ಮ. ನಿಂತ್ರೆ ಅವಳಿಗೆ ನೆರಳು ಬೀಳುತ್ತೆ,” ಎನ್ನುತ್ತಾರೆ. ಟೈಲರಮ್ಮ ಕೂತುಕೊಳ್ಳುತ್ತಾರೆ.

ಮುಂದಿನದೆಲ್ಲ ಬಿಸಿಲಿನ ಜೊತೆ ಪೈಪೋಟಿ. ತಗಡು ಕತ್ತರಿಸಿ, ಸುತ್ತಿ, ಬಿಳಿಗಾರ ಹಚ್ಚಿ, ಜ್ವಾಲೆ ತೋರಿಸಿ, ನೀರಿಗೆ ಬಿಡುತ್ತಾರೆ. ಮೂರು ಟೋಪಿ ಸರಾಗವಾಗಿ ಆಗುತ್ತವೆ. ನಾಲ್ಕನೆಯದರ ಹೊತ್ತಿಗೆ ಪರದೆಯನ್ನು ದಾಟಿದ ಬೆಳಕು ಇಟ್ಟಿಗೆಯ ಮೇಲೆ ಬಿದ್ದು ಬೆಳ್ಳಿಯ ಬಣ್ಣ ಕಣ್ಣಿಗೆ ತಪ್ಪುತ್ತದೆ. ಟೋಪಿ ಕುಸಿದು ಗುಂಡಾಗುತ್ತದೆ. ಅವರು ಬೈದುಕೊಳ್ಳುವುದೂ ಇಲ್ಲ. ಅತ್ತೆ ತಾವಾಗಿ ಎದ್ದು ಬಂದು ಕಿಟಕಿಗೆ ಅಡ್ಡಲಾಗಿ ತಮ್ಮ ಕಂಬಳಿ ಹಿಡಿದು ನಿಲ್ಲುತ್ತಾರೆ. ಕೈ ಸೋತರೂ ಇಳಿಸುವುದಿಲ್ಲ. ಆ ಕತ್ತಲಲ್ಲಿ ನಾಲ್ಕನೆಯದು ಕೂಡಿಕೊಳ್ಳುತ್ತದೆ.

ಕಷ್ಟದ ಭಾಗ ಇನ್ನೂ ಬಾಕಿ. ಹಳೆಯ ತಂತಿಗೆ ತೂತು ಕೊರೆದು ಮೊಳೆಯ ತಲೆ ಬಡಿಯಬೇಕು. ಹೆಚ್ಚು ಬಡಿದರೆ ಹೆಣಿಗೆ ಸೀಳುತ್ತದೆ. ಕಡಿಮೆಯಾದರೆ ಮೊಳೆ ಸಡಿಲ. ಕುಸುರಿಯಕ್ಕ ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿಯದೆ ತಲೆಯ ಹತ್ತಿರವೇ ಹಿಡಿಯುತ್ತಾರೆ. ಬಡಿತವಲ್ಲ ಅದು, ಬಾಗಿಲು ತಟ್ಟಿದ ಹಾಗೆ. ಮೂರನೆಯ ಮೊಳೆಗೆ ಸಣ್ಣದೊಂದು ಸದ್ದಾಗುತ್ತದೆ. ಕುಸುರಿಯಕ್ಕ ಬಳೆಯನ್ನು ಕಣ್ಣಿನ ಹತ್ತಿರ ತಂದು ತಿರುಗಿಸಿ ನೋಡುತ್ತಾರೆ. ತಂತಿ ಸೀಳಿಲ್ಲ. ಟೋಪಿಯೊಳಗೆ ಸರಿದು ಕೂತಿದೆ, ಅಷ್ಟೆ.

ಕೊನೆಯ ಮೊಳೆ ಕೂರುವ ಹೊತ್ತಿಗೆ ಬಾಗಿಲಲ್ಲಿ ತಂಗಿ ನಿಂತಿದ್ದಾಳೆ. ಹೆಗಲಲ್ಲಿ ಪ್ರಯಾಣದ ಬ್ಯಾಗು.

“ಅಕ್ಕಾ, ಅಂಗಡಿ ಬೀಗ ಹಾಕಿದೆ, ಇಲ್ಲೇನ್ ಮಾಡ್ತಿದೀಯ? ಬಸ್ಸಿಗೆ ಹೊತ್ತಾಯ್ತು.”

ಬಚ್ಚಿಡಲು ಸಮಯವಿಲ್ಲ. ಅವಳು ಮೇಜಿನ ಮೇಲಿನ ಬಳೆಯನ್ನು ಎತ್ತಿಕೊಳ್ಳುತ್ತಾಳೆ. ಬೆರಳು ಹೊಸ ಟೋಪಿಗಳ ಮೇಲೆ ನಿಲ್ಲುತ್ತದೆ.

“ಇದು ಹೀಗಿರಲಿಲ್ಲ.”

ಟೈಲರಮ್ಮ ಕುಸುರಿಯಕ್ಕನ ಮುಖ ನೋಡುತ್ತಾರೆ. ಕುಸುರಿಯಕ್ಕ ಅರ ಒರೆಸುತ್ತಿದ್ದಾರೆ.

“ಕತ್ತರಿಸಿದ್ರು ಕಣೇ. ಕೈ ಊದಿತ್ತು. ನಾನೇ ಹೂಂ ಅಂದೆ.”

“ಅಮ್ಮಂಗೆ ಎಚ್ಚರ ಇತ್ತಾ?”

“ಇತ್ತು.”

“ಏನಂದ್ಲು?”

“ನರ್ಸಿಗೆ ಅಂದ್ಲು, ನಿಧಾನಮ್ಮ, ಅದು ನನ್ನದಲ್ಲ, ನನ್ನ ಚಿಕ್ಕ ಮಗಳದು ಅಂತ.”

ತಂಗಿ ಬ್ಯಾಗು ಕೆಳಗಿಡುತ್ತಾಳೆ. ಉಗುರಿನಿಂದ ಮೊಳೆ ಎಳೆಯುತ್ತಾಳೆ. ಬಳೆ ಬಾಯಿ ತೆರೆಯುತ್ತದೆ. ಅದನ್ನು ಹಾಗೇ ಅಕ್ಕನ ಕೈಗೆ ಕೊಟ್ಟು ತನ್ನ ಮಣಿಕಟ್ಟು ಮುಂದೆ ಚಾಚುತ್ತಾಳೆ.

“ಇದನ್ನ ನನಗೆ ಹೇಳದೇ ಕಳಿಸ್ತಿದ್ಯಲ್ಲ. ಹಾಕು.”

ಟೈಲರಮ್ಮ ಹಾಕುತ್ತಾರೆ. ದಿನವಿಡೀ ಸೂಜಿಗೆ ದಾರ ಪೋಣಿಸುವ ಆ ಕೈಗೆ ಮೊಳೆ ತೂರಿಸಲು ಎರಡು ಸಲ ಬೇಕಾಗುತ್ತದೆ.

ಅವರಿಬ್ಬರೂ ಬಸ್ಸಿಗೆ ಓಡಿದ ಮೇಲೆ ಅತ್ತೆ ಫ್ಯಾನ್ ಹಾಕುತ್ತಾರೆ. ಕುಸುರಿಯಕ್ಕ ಕುಸಿದ ಟೋಪಿಯ ಗುಂಡನ್ನು ಜೋಳಿಗೆಗೆ ಹಾಕಿ ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ ಕಿಟಕಿಯ ಕಡೆ ಕೈ ತೋರಿಸುತ್ತಾರೆ.

“ದಪ್ಪನೆ ಒಂದು ಪರದೆ ಬೇಕು. ಅತ್ತೆ ಕೈಗೆ ರಜಾ ಕೊಡ್ಬೇಕು.” ಅರವನ್ನು ಅದರ ಜಾಗಕ್ಕೆ ಇಡುತ್ತಾ, “ಇಷ್ಟು ವರ್ಷ, ಸೇರಿಸಿದ್ದು ಕಾಣಬಾರದು ಅಂತಾನೇ ಅರ ಹಾಕಿದ್ದು. ಇವತ್ತಿನ ಮೊಳೆ ತಲೆ ಉಜ್ಜೋಕೆ ಹೊರಟಿದ್ದೆ. ಆಮೇಲೆ, ಇರಲಿ ಬಿಡು, ಕಾಣ್ಲಿ ಅಂತ ಬಿಟ್ಟೆ.”