ಏಲಕ್ಕಿ ಗಿಡ ನೋಡಲು ಗ್ವಾಟೆಮಾಲಾಕ್ಕೆ

ಅತ್ತೆ ಹಾವೇರಿಯಿಂದ ಬಂದು ಎರಡು ವಾರವಾಗುವಷ್ಟರಲ್ಲಿ ಸಿಯಾಟಲ್ ಬಳಿಯ ನಾರ್ತ್ ಕ್ರೀಕ್‌ನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆ ಅವರ ಕೈಗೆ ಹೋಗಿತ್ತು. ಒಂದು ಶನಿವಾರ ಬೆಳಿಗ್ಗೆ ಶಿರಾ ಮಾಡಲು ನಿಂತವರು, ಇಂಡಿಯನ್ ಸ್ಟೋರಿನಿಂದ ತಂದಿದ್ದ ಏಲಕ್ಕಿ ಪೊಟ್ಟಣ ಒಡೆದು, ನಾಲ್ಕು ಕಾಯಿ ಅಂಗೈಯಲ್ಲಿ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಒಂದನ್ನು ಉಗುರಿನಿಂದ ಬಿಡಿಸಿ ಮೂಸಿ ನೋಡಿದರು.

"ಇದು ನಮ್ಮ ಕಡಿ ಮಾಲಲ್ಲ," ಅಂದರು. "ಎಲ್ಲಿದಿದು?"

ನಾನು ಪೊಟ್ಟಣ ತಿರುಗಿಸಿ ನೋಡಿದೆ. ಅಂಗಡಿ ನಮ್ಮವರದ್ದು, ಪೊಟ್ಟಣದ ಮೇಲಿನ ಚಿತ್ರ ನಮ್ಮ ಕಡೆಯದು, ಒಳಗಿನ ಏಲಕ್ಕಿ ಮಾತ್ರ ಗ್ವಾಟೆಮಾಲಾದ್ದು. ಇಷ್ಟು ವರ್ಷ ಚಹಾಕ್ಕೆ ಕುಟ್ಟಿ ಹಾಕಿಕೊಂಡು ಊರಿನ ಘಮ ಎಂದು ಕಣ್ಣು ಮುಚ್ಚಿ ಕುಡಿದವನು ನಾನು. ಅಟ್ಲಾಸ್ ತಂದು, ಮೆಕ್ಸಿಕೋದ ಕೆಳಗಿನ ಆ ಪುಟ್ಟ ದೇಶವನ್ನು ತೋರಿಸಿದೆ. ಅತ್ತೆ ಒಲೆ ಆರಿಸಿ ಬಂದು ಸಿಯಾಟಲ್‌ನ ಮೇಲೆ ಒಂದು ಬೆರಳು, ಗ್ವಾಟೆಮಾಲಾದ ಮೇಲೆ ಒಂದು ಬೆರಳು ಇಟ್ಟರು.

"ಇಲ್ಲಿಂದ ಹೋಗಾಕ ಎಷ್ಟೊತ್ತು?"

"ಹೆಚ್ಚಂದ್ರೆ ಒಂದು ದಿನ ಅತ್ತೆ."

"ಒಂದ ದಿನ? ಇಷ್ಟ ಏನು?" ಅಂದರು.

ಇಲ್ಲಿ ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಮಾವನದು ಹಾವೇರಿಯಲ್ಲಿ ಏಲಕ್ಕಿ ವ್ಯಾಪಾರ. ಅಲ್ಲಿನ ಏಲಕ್ಕಿ ಹಾರ ಯಾರಿಗೆ ಗೊತ್ತಿಲ್ಲ? ಬೆಂಗಳೂರಿನವನಾದ ನಾನು ಅದನ್ನು ಮೊದಲು ನೋಡಿದ್ದು ನನ್ನ ಮದುವೆಯಲ್ಲಿ, ಅದೂ ನನ್ನ ಕೊರಳಲ್ಲೇ. ಇಡೀ ಮುಹೂರ್ತ ಪಾಯಸದ ಪಾತ್ರೆಯೊಳಗೆ ನಿಂತಂತಿತ್ತು. ಆ ಹಾರ ಪೋಣಿಸಿದವರು ಅತ್ತೆಯೇ. ಮದುವೆಯಾಗಿ ಆ ಮನೆಗೆ ಬಂದ ದಿನದಿಂದ ಅವರ ಕೈಯಲ್ಲಿ ಸೂಜಿ, ಮಡಿಲಲ್ಲಿ ಏಲಕ್ಕಿ. ಕಣ್ಣು ಟೀವಿ ಮೇಲಿದ್ದರೂ ಬೆರಳು ತನ್ನ ಪಾಡಿಗೆ ದಪ್ಪ ಕಾಯಿ ಬೇರೆ, ಸಣ್ಣ ಕಾಯಿ ಬೇರೆ ಮಾಡುತ್ತಿರುತ್ತದೆ.

ಆದರೆ ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಪ್ರತಿ ಸುಗ್ಗಿಯಲ್ಲಿ ಮಾವ "ತೋಟದ ಕಡಿ ಹೋಗಿ ಬರ್ತೀನಿ" ಎಂದು ಬೆಳಗಿನ ಬಸ್ಸಿಗೆ ಶಿರಸಿಗೆ ಹೋಗುತ್ತಿದ್ದರು, ಸಂಜೆಗೆ ಚೀಲಗಳೊಂದಿಗೆ ಇಳಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆ ಒಮ್ಮೆ, ತಮ್ಮನ್ನೂ ಕರೆದುಕೊಂಡು ಹೋಗಿ, ಗಿಡ ಹೇಗಿರುತ್ತದೋ ನೋಡಬೇಕು ಎಂದು ಮಾವನನ್ನು ಕೇಳಿದ್ದರಂತೆ. "ಗಿಡದಾಗ ಏನ ನೋಡೂದು ಐತಿ?" ಅಂದರಂತೆ ಮಾವ. ಅತ್ತೆ ಮತ್ತೆ ಕೇಳಲಿಲ್ಲ. ಮಕ್ಕಳಾದರು, ಮೊಮ್ಮಕ್ಕಳಾದರು, ಅವರು ಪೋಣಿಸಿದ ಹಾರಗಳು ಮಂತ್ರಿಗಳ ಕೊರಳಿಗೂ ಮಠಾಧೀಶರ ಕೊರಳಿಗೂ ಬಿದ್ದವು. ಏಲಕ್ಕಿ ಗಿಡ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

"ಅತ್ತೆ, ಶಿರಸಿ ನಿಮ್ಮೂರಿಂದ ಅರ್ಧ ದಿನಾನೂ ಇಲ್ವಲ್ಲ," ಎಂದೆ ನಾನು ಜಾಣನಂತೆ.

"ಅಲ್ಲೆ ಕೇಳಿದ್ರ ನಗ್ತಾರ. ಇಲ್ಲೆ ಕೇಳಿದ್ರ ನೀವು ನಕಾಶಿ ತರ್ತೀರಿ," ಅಂದರು.

ಆ ಮಾತು ನನಗೆ ನಾಟಿತು. ಹೋಗಲೇಬೇಕು ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ನನ್ನ ಕೆಲಸ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ. ಯಾವ ಭಾಗ ಯಾವಾಗ ಎಲ್ಲಿ ಬಂದು ಕೂರಬೇಕು ಎಂದು ಯೋಜನೆ ಹಾಕುವುದೇ ನನ್ನ ಹೊಟ್ಟೆಪಾಡು. ಅದೇ ಚಾಳಿ ಮನೆಗೂ ಬಂತು. ವಿಮಾನ, ಬಸ್ಸು, ಬೆಟ್ಟದ ರಸ್ತೆ, ವೀಸಾದ ಕಾಗದ, ಸೊಳ್ಳೆ ಔಷಧಿ, ಎಲ್ಲದಕ್ಕೂ ಬಣ್ಣ ಬಣ್ಣದ ಚಾರ್ಟ್ ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ಯಾರಾದರೂ ಅದರ ಮೇಲೆ ಹಾಲಿನ ಕೈ ಇಟ್ಟರೆ ಸಿಡಿಮಿಡಿ. "ನಿಮ್ಮ ಪ್ಲ್ಯಾನ್ ನೋಡಿದ್ರೆ ವಿಮಾನಾನೂ ನಾವೇ ಕಟ್ಕೊಂಡು ಹೋಗ್ಬೇಕೇನೋ," ಎಂದು ಹೆಂಡತಿ ಕಾಲೆಳೆದಳು.

ಅತ್ತೆಯ ತಯಾರಿಯೇ ಬೇರೆ. ಕಟಕ ರೊಟ್ಟಿ ಬಡಿದು ಒಣಗಿಸಿದರು, ಶೇಂಗಾ ಚಟ್ನಿ ಕುಟ್ಟಿದರು. ನನ್ನ ಸಹೋದ್ಯೋಗಿಯೊಬ್ಬ ಗ್ವಾಟೆಮಾಲಾದವನೇ ಎಂದು ತಿಳಿದಾಗ ಅವನಿಗೆ ಶಿರಾ ಕಳಿಸಿದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನು ತಿಂದು, ಈ ಪರಿಮಳ ಯಾವುದರದ್ದು ಎಂದು ಕೇಳಿದ. ಹೇಳಿದರೆ ನಂಬಲೊಲ್ಲ. ಅವನ ಚಿಕ್ಕಮ್ಮ ಬೆಟ್ಟದ ಸೀಮೆಯಲ್ಲಿ ಏಲಕ್ಕಿಯನ್ನೇ ಬೆಳೆಯುತ್ತಾಳಂತೆ, ಆದರೆ ಅವರ ಮನೆಯಲ್ಲಿ ಅದನ್ನು ಯಾರೂ ಅಡುಗೆಗೆ ಹಾಕಿದ್ದಿಲ್ಲವಂತೆ. ಎಲ್ಲವೂ ಮೂಟೆ ಕಟ್ಟಿ ಹೊರದೇಶಕ್ಕೆ.

ಮನೆಗೆ ಬಂದು ಇದನ್ನು ಅತ್ತೆಗೆ ಹೇಳಿದೆ. "ಆಕಿ ಬೆಳೀತಾಳ, ಏನಾಗ್ತೈತಿ ಅಂತ ಗೊತ್ತಿಲ್ಲ. ನಾ ಪೋಣಸ್ತೀನಿ, ಎಲ್ಲಿಂದ ಬರ್ತೈತಿ ಅಂತ ಗೊತ್ತಿಲ್ಲ," ಅಂದರು. ಮರುದಿನವೇ ಇಂಡಿಯನ್ ಸ್ಟೋರಿನಲ್ಲಿದ್ದ ಏಲಕ್ಕಿ ಪೊಟ್ಟಣಗಳನ್ನೆಲ್ಲ ತರಿಸಿ, ಕಂಡರಿಯದ ಆ ಹೆಂಗಸಿಗಾಗಿ ಹಾರ ಪೋಣಿಸಲು ಕೂತರು. ನಮ್ಮ ಸೋಫಾದ ಮೇಲೆ ಆ ಹಾರ ದಿನದಿನಕ್ಕೆ ಬೆಳೆಯುವುದನ್ನು ನೋಡುತ್ತ, ನನ್ನ ಚಾರ್ಟಿನ ಬಗ್ಗೆ ನನಗಿದ್ದ ಜಂಬ ಸ್ವಲ್ಪ ಇಳಿಯಿತು. ಯಾರ ಮನೆಗೆ ಹೋಗುತ್ತೇವೋ ಅವರಿಗೆ ಏನು ಒಯ್ಯಬೇಕು ಎಂಬ ಕಾಲಂ ಅದರಲ್ಲಿ ಇರಲೇ ಇಲ್ಲ.

ಭಾನುವಾರ ಎಂದಿನಂತೆ ಕಾಲಿಂಗ್ ಕಾರ್ಡಿನ ಉದ್ದದ ನಂಬರ್ ಒತ್ತಿ ಹಾವೇರಿಗೆ ಫೋನ್ ಮಾಡಿದೆವು. ಸ್ಪೀಕರ್ ಹಾಕಿದ್ದೆವು. ಗ್ವಾಟೆಮಾಲಾದ ವಿಷಯವನ್ನು ಮಾವನಿಗೆ ಹೇಳಿದೆವು.

"ಬ್ಯಾಡ ಅನ್ನಂಗಿಲ್ಲ ನಾ," ಅಂದರು ಅವರು. "ಆದ್ರ ನಿನ್ನ ಮೊಣಕಾಲಿಗೆ ಆಗ್ತೈತೇನು? ಏಲಕ್ಕಿ ಅಂದ್ರ ಹುಡುಗಾಟ ಅಲ್ಲ. ಕಾಯಿ ಎಲ್ಲಾ ಮ್ಯಾಲ ತುದಿಗೆ ಇರ್ತಾವು. ನಿಚ್ಚಣಿಕಿ ಹಚ್ಚಿ ಹತ್ತಬೇಕು. ಕೆಳಗ ನಿಂತ್ರ ಬರೇ ಎಲಿ ಕಾಣ್ತಾವು."

ಅತ್ತೆಯ ಮುಖ ಸಣ್ಣದಾಯಿತು. ಅಷ್ಟು ದೂರ ಹೋಗಿ ಬರೇ ಎಲೆ ನೋಡಿ ಬರುವುದೇ? ಆದರೆ ಸೋಲುವ ಹೆಂಗಸಲ್ಲ ಅವರು. ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ನೋಡಿದರೆ, ಸೀರೆಯ ಮೇಲೆ ಮಗಳ ಸ್ವೆಟರ್, ಕಾಲಿಗೆ ಬಿಳಿ ಶೂ ಹಾಕಿಕೊಂಡು ಅಪಾರ್ಟ್‌ಮೆಂಟಿನ ಹೊರಗಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿ ಇಳಿಯುತ್ತಿದ್ದಾರೆ. ಏಣಿ ಹತ್ತುವ ಅಭ್ಯಾಸ! ದಿನಾ ನಡೆಯಿತು ಅದು. ನಾಯಿ ಹಿಡಿದು ಓಡಾಡುವ ಅಮೆರಿಕನ್ನರು ನಿಂತು ನೋಡಿ, ಕೈಬೀಸಿ ಹೋಗುತ್ತಿದ್ದರು. ಅತ್ತೆಯನ್ನು ನೋಡುತ್ತ ನನಗೆ ಹೆಮ್ಮೆಯಾಗುತ್ತಿತ್ತು. ನನ್ನ ಸ್ವಂತ ಅಮ್ಮನಾಗಿದ್ದರೂ ಇಷ್ಟು ಹೆಮ್ಮೆ ಪಡುತ್ತಿದ್ದೆನೋ ಇಲ್ಲವೋ.

ನನ್ನ ಪಾಲಿನ ಕೆಲಸವನ್ನು ನಾನೂ ಮಾಡಬೇಕಲ್ಲ. ಗಟ್ಟಿಯಾದ ಏಣಿ, ಹಿಡಿದುಕೊಳ್ಳಲು ಇಬ್ಬರು ಆಳು ಸಿಗುತ್ತಾರೆಯೇ ಎಂದು ಸಹೋದ್ಯೋಗಿಯ ಮೂಲಕ ಅವನ ಚಿಕ್ಕಮ್ಮನಿಗೆ ಕೇಳಿಸಿದೆ. ಟಿಕೆಟ್ ಬುಕ್ ಮಾಡಲು ಕೂರಬೇಕಿದ್ದ ದಿನವೇ ಉತ್ತರ ಬಂತು. ಏಣಿ ಯಾತಕ್ಕೆ ಎಂದು ಅವರಿಗೆ ಅರ್ಥವಾಗಿರಲಿಲ್ಲ. ಕೂರಲು ಒಂದು ಸಣ್ಣ ಮಣೆ ಬೇಕಾದರೆ ಕೊಡುತ್ತಾರಂತೆ. ಜೊತೆಗೊಂದು ಫೋಟೋ.

ಕಂಪ್ಯೂಟರಿನ ಮುಂದೆ ಅತ್ತೆಯನ್ನು ಕೂರಿಸಿದೆವು. ಅರಿಶಿನದ ಗಿಡದಂಥ ಎಲೆ, ಆದರೆ ಆಳೆತ್ತರ ಮೀರಿ ಬೆಳೆದದ್ದು. ಅದರ ಬುಡದಲ್ಲಿ ಕಸೂತಿ ಕುಪ್ಪಸದ ಹೆಂಗಸೊಬ್ಬಳು ನೆಲದ ಮೇಲೆ ಕೂತಿದ್ದಾಳೆ. ಅವಳ ಕೈ ಇರುವಲ್ಲಿ, ಮಣ್ಣಿಗೆ ತಾಗಿಕೊಂಡು, ಹಸಿರು ಏಲಕ್ಕಿಯ ಗೊಂಚಲುಗಳು ಹರಿದಿವೆ.

"ಬುಡದಾಗ ಅದಾವಲ್ಲ," ಅಂದರು ಅತ್ತೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ನಿಧಾನವಾಗಿ ಅಂದರು, "ಹಂಗಾರ, ಅವರೂ ನೋಡಿಲ್ಲ."

ನಮಗೆ ಹೊಳೆಯುವಷ್ಟರಲ್ಲಿ ಅವರು ನಗಲು ಶುರುಮಾಡಿದ್ದರು. ಮಾವ ಇಷ್ಟು ವರ್ಷ ಹೋಗುತ್ತಿದ್ದದ್ದು ಶಿರಸಿ ಪೇಟೆಯ ಮಂಡಿಗೆ. ಮೂಟೆ ನೋಡಿ, ದರ ಮಾತಾಡಿ, ಹೊರಿಸಿಕೊಂಡು ಬಂದವರು. ತೋಟದೊಳಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕೊನೆಕೊನೆಗೆ ಅದು ನಗುವೋ ಅಳುವೋ ತಿಳಿಯದಾಯಿತು.

ಸೆರಗಿನಿಂದ ಮುಖ ಒರೆಸಿಕೊಂಡು, "ಟಿಕೀಟ್ ತಗಿಬ್ಯಾಡ್ರಿ," ಅಂದರು.

ಹೆಂಡತಿಗೆ ಸಿಟ್ಟು ಬಂತು. "ಅವ್ವಾ, ಅಪ್ಪ ಸುಳ್ಳು ಹೇಳಿ ನಿನ್ನ ಮನ್ಯಾಗ ಕುಂಡ್ರಿಸ್ಯಾರ. ಈಗರ ಹೋಗಿ ನೋಡಬ್ಯಾಡೇನು?"

"ತಾವೊಬ್ಬರ ನೋಡಿ, ನನಗ ತೋರಸಲಿಲ್ಲ ಅಂತ ಹೊಟ್ಟ್ಯಾಗ ಸಿಟ್ಟಿತ್ತವ್ವ. ಇಷ್ಟು ವರ್ಷ ಇತ್ತು," ಅಂದರು ಅತ್ತೆ. "ಈಗ ನೋಡಿದ್ರ ಇಬ್ಬರೂ ಒಂದ ಆದ್ವಿ. ಇನ್ನ ನಾ ಒಬ್ಬಾಕಿ ನೋಡಿ ಹೋದ್ರ, ಅವರು ಮಾಡ್ಯಾರ ಅಂತ ತಿಳದಿದ್ದನ್ನ ನಾನ ಮಾಡಿದಂಗಾತು. ನಾ ಹಾವೇರಿಗೆ ಹೋಗಿ ಅವರನ್ನ ಕರಕೊಂಡ ಶಿರಸಿ ತೋಟಕ್ಕ ಹೋಗ್ತೀನಿ. ನಿಚ್ಚಣಿಕಿ ಸುದ್ದಿ ಯಾರೂ ಬಾಯಿ ಬಿಡಬ್ಯಾಡ್ರಿ."

ನನ್ನ ಚಾರ್ಟು ಫ್ರಿಜ್ಜಿನ ಮೇಲಿಂದ ಇಳಿಯಿತು. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ, ನಿಜ. ಆದರೆ ಅತ್ತೆಯ ಮೇಲೆ ಬೇಸರ ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಅಷ್ಟು ವರ್ಷದ ಸಿಟ್ಟನ್ನು ಒಂದೇ ನಗುವಿನಲ್ಲಿ ಬಿಟ್ಟುಕೊಟ್ಟವರನ್ನು ನಾನು ಬೇರೆ ನೋಡಿಲ್ಲ. ಹಾರವನ್ನು ಮಾತ್ರ ಅವರು ವಾಪಸ್ ಒಯ್ಯಲಿಲ್ಲ. ಸಹೋದ್ಯೋಗಿ ಊರಿಗೆ ಹೋಗುವಾಗ ಅವನ ಕೈಯಲ್ಲಿ ಕಳಿಸಿದರು. ಆ ಚಿಕ್ಕಮ್ಮ ಅದನ್ನು ಕೊರಳಿಗೆ ಹಾಕಿಕೊಂಡು, ಮೂಸಿ ಮೂಸಿ ನೋಡಿ, ಇದು ನಮ್ಮದೇ ಏನು ಎಂದು ಕೇಳಿದಳಂತೆ.

ಅತ್ತೆ ಊರಿಗೆ ಮರಳಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ನಾವು ಫೋನ್ ಮಾಡಿದಾಗ ಮಾವ ಅಂಗಡಿಯಲ್ಲಿದ್ದರು. ಅತ್ತೆ ಬಾಯಿ ತುಂಬ ಮಾತಾಡಿದರು.

"ಹೋಗಿದ್ವಿ ಶಿರಸಿಗೆ. ಮಂಡಿಯವರಿಗೆ ಗುರ್ತಿದ್ದವರ ತೋಟ. ನಿಮ್ಮ ಮಾವ ಎಲ್ಲಾ ಮ್ಯಾಲ ನೋಡ್ಕೋತ ಹೊಂಟಿದ್ರು. ಹಿಂದ ತೋಟದ ಯಜಮಾನ್ರು ಬರಾಕತ್ತಿದ್ರು. ಇವರು ಕಾಯಿ ಎಲ್ಲಿ ಅಂತ ಬಾಯಿ ತಗದ್ರ ಮರ್ಯಾದಿ ಹೋಗ್ತಿತ್ತು. ನಾ ಏನ ಮಾಡ್ದೆ, ಅಯ್ಯ ನನ್ನ ಮೊಣಕಾಲು ಅಂತ ಒಂದ ಗಿಡದ ಬುಡಕ್ಕ ಕುಂತಬಿಟ್ಟೆ. ಎಬ್ಬಸಾಕ ಬಗ್ಗಿದ್ರು ನೋಡ್ರಿ, ಆವಾಗ ಕಂಡವು."

"ಅಪ್ಪ ಏನಂದ್ರು?" ಹೆಂಡತಿ ಕೇಳಿದಳು. ಅವಳ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

"ಅನ್ನೂದೇನು, ಅವರೂ ಬಾಜೂಕ ಕುಂತ್ರು. ಒಂದ ಕಾಯಿ ಬಿಡಿಸಿ ನನ್ನ ಕೈಯಾಗ ಇಟ್ರು. ಭಾಳೊತ್ತು ಕುಂತಿದ್ವಿ ಇಬ್ಬರೂ. ಬರೂಮುಂದ ಬಸ್ಸಿನಾಗ ಅಂದ್ರು, ಇವು ಈ ಕಡಿ ಜಾತಿ, ಆ ಅಮೆರಿಕಾ ಕಡಿಯವು ಎತ್ತರಾನ ಇರ್ತಾವು ಅಂತ."

"ಅದಕ್ಕ ನೀ ಏನಂದಿ?"

"ಏನನ್ನಲಿ? ಹೌದ್ರಿ, ಅಲ್ಲೆ ನಿಚ್ಚಣಿಕಿ ಬೇಕಾಗ್ತೈತಿ ಅಂದೆ."