ನಾಲ್ಕನೇ ಸಲ ಬಿಚ್ಚಿದ ಸೀಟು

ಬೆಳಗಿನ ಆರು ಗಂಟೆ. ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಂದಗಿಸಾಬರ ಅಂಗಡಿಯೊಂದೇ ಬಾಗಿಲು ತೆರೆದಿದೆ. ಒಳಗೆ ಸ್ಟ್ಯಾಂಡು ಹಾಕಿ ನಿಲ್ಲಿಸಿದ ಮೋಟರ್‌ಸೈಕಲ್ಲಿನ ಮೇಲೆ, ಆರು ಅಡಿ ಮೂರು ಇಂಚು ಎತ್ತರದ ಕಲ್ಮೇಶ ಹೊರ್ತಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದಾರೆ. ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕುಳಿತ ಬಂದಗಿಸಾಬ, ಒಂದು ಬಿಳಿ ದಾರವನ್ನು ಸೊಂಟದಿಂದ ಹಿಮ್ಮಡಿಯವರೆಗೆ ಹಿಡಿದು ಗಂಟು ಹಾಕುತ್ತಾರೆ. ಮೊದಲು ಬಲಗಾಲು, ಆಮೇಲೆ ಎಡಗಾಲು. ಎರಡು ದಾರಗಳನ್ನೂ ಜೋಡಿಸಿ ಬೆಳಕಿಗೆ ಹಿಡಿಯುತ್ತಾರೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಎರಡೂ ಕಾಲ ಒಂದ ಅಳತಿ ಅದಾವು. ಮತ್ತ ಎಡದ ಮೊಣಕಾಲಿಗಷ್ಟ ಯಾಕ ಬ್ಯಾನಿ?” ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ.

“ಅದನ್ನ ನಿಮ್ಮನ್ನ ಕೇಳಾಕ ಬಂದೇನ್ರಿ ಚಾಚಾ,” ಎನ್ನುತ್ತಾರೆ ಕಲ್ಮೇಶ, ಕಣ್ಣು ತೆರೆಯದೆ.

ಹೊಲಿಗೆ ಯಂತ್ರದ ಹಿಂದಿನಿಂದ ಬಂದಗಿಸಾಬರ ಹೆಂಡತಿ ನಜಮಾ ತಲೆ ಎತ್ತುತ್ತಾರೆ. “ಇದು ನಾಕನೇ ಸಲರಿ. ಇನ್ನೊಮ್ಮಿ ಬಿಚ್ಚಿದ್ರ ಆ ಸೀಟಿಗೆ ಸೂಜಿ ಚುಚ್ಚಾಕ ಜಾಗಾ ಉಳಿಯೂದಿಲ್ಲ.”

ಬಂದಗಿಸಾಬರಿಗೆ ಈಗ ಐವತ್ನಾಲ್ಕು ವರ್ಷ. ಬಿಜಾಪುರದಲ್ಲಿ ಅವರ ತಂದೆ ಟಾಂಗಾಗಳಿಗೆ ಗಾದಿ ಹೊಲಿಯುತ್ತಿದ್ದರು. ಟಾಂಗಾಗಳು ಕಡಿಮೆಯಾದಾಗ ಮಗ ಸೂಜಿ, ದಾರ ಹಿಡಿದು ಹೆಂಡತಿಯ ಊರಾದ ಸಿಂದಗಿಗೆ ಬಂದರು. ಅದು 1979. ಮೊದಲು ಸೈಕಲ್ ಸೀಟು, ಆಮೇಲೆ ಟ್ರ್ಯಾಕ್ಟರ್ ಸೀಟು, ಈಗ ಇಪ್ಪತ್ತೆರಡು ವರ್ಷಗಳ ನಂತರ ಬಹುಪಾಲು ಮೋಟರ್‌ಸೈಕಲ್ಲು. ದಿನಕ್ಕೆ ಮೂರು ಸೀಟು ಮುಗಿಯುತ್ತವೆ. ಒಂದು ಸೀಟಿಗೆ ಒಂದು ಮೀಟರ್ ರೆಕ್ಸಿನ್, ಎರಡು ಪದರು ಸ್ಪಂಜು. ಕತ್ತರಿಸಿ ಕೂರಿಸುವುದು ಅವರ ಕೆಲಸ, ಹೊಲಿಯುವುದು ನಜಮಾ ಅವರದು.

ಅಂಗಡಿಯಲ್ಲಿ ಅಳತೆಪಟ್ಟಿ ಇಲ್ಲ. ಗಿರಾಕಿಯನ್ನು ಗಾಡಿಯ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಕೈ ಚಾಚಲು ಹೇಳುತ್ತಾರೆ. ಕೈ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹ್ಯಾಂಡಲ್ ಬರಬೇಕು. ಮೊಣಕಾಲಿಗೂ ಟ್ಯಾಂಕಿಗೂ ನಡುವೆ ಮೂರು ಬೆರಳು ಹೋಗಬೇಕು. ಕಾಲಿನ ಉದ್ದಕ್ಕೆ ದಾರ. ಒಬ್ಬೊಬ್ಬ ಗಿರಾಕಿಯ ದಾರವೂ ಗೋಡೆಯ ಮೊಳೆಗೆ ತೂಗುತ್ತದೆ. “ಕಣ್ಣ ತಗದ ಕುಂತ್ರ ಮನಿಷ್ಯಾ ಗಾಡಿಗೆ ಹೊಂದ್ಕೊಂತಾನ. ಮುಚ್ಚಿ ಕುಂತ್ರ ಖರೇ ಹೇಳ್ತಾನ,” ಎನ್ನುವುದು ಅವರ ಅನುಭವ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದಲೂ ಬೆನ್ನು ಹಿಡಿದುಕೊಂಡು ಜನ ಬರುತ್ತಾರೆ. ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತದೆ.

ಕಲ್ಮೇಶರದು ಮಾತ್ರ ಮುಗಿಯುತ್ತಿಲ್ಲ.

ಕಲ್ಮೇಶ ಹಾಲಿನ ಸಂಘವೊಂದರ ಪರವಾಗಿ ಹಸು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವವರು. ಊರವರ ಬಾಯಲ್ಲಿ ಡಾಕ್ಟ್ರು. ಹನ್ನೊಂದು ಹಳ್ಳಿ, ದಿನಕ್ಕೆ ಎಪ್ಪತ್ತು ಕಿಲೋಮೀಟರ್. ಬೆದೆಗೆ ಬಂದ ಎಮ್ಮೆ ಯಾರಿಗೂ ಕಾಯುವುದಿಲ್ಲ. ಅದರ ಹೊತ್ತು ತಪ್ಪಿದರೆ ಮನೆಯವರು ಮತ್ತೆ ಮೂರು ವಾರ ಕಾಯಬೇಕು. ಹಿಂದಿನ ತಿಂಗಳು ಮೊಣಕಾಲು ಹಿಡಿದು ಮೂರು ಕಡೆ ಅವರು ಹೊತ್ತಿಗೆ ಮುಟ್ಟಲಿಲ್ಲ. ಒಂದು ಸಲವಂತೂ ದಾರಿಯ ಜಾಲಿ ಗಿಡದ ಕೆಳಗೆ ಅರ್ಧ ಗಂಟೆ ಕಾಲು ಚಾಚಿ ಕುಳಿತಿದ್ದರು. ಈ ತಿಂಗಳು ಇನ್ನೊಂದು ತಪ್ಪಿದರೆ ಒಂದನೇ ತಾರೀಖಿನಿಂದ ಹನ್ನೊಂದು ಹಳ್ಳಿಯೂ ಬೇರೆಯವರಿಗೆ ಎಂದು ಸಂಘ ಹೇಳಿದೆ. ಒಂದನೇ ತಾರೀಖಿಗೆ ಇನ್ನು ಹದಿಮೂರು ದಿನ.

ಬಂದಗಿಸಾಬ ಮೊದಲ ಸಲ ಸೀಟನ್ನು ಎರಡು ಇಂಚು ಎತ್ತರಿಸಿದರು. ಬಲ ಮೊಣಕಾಲಿನ ನೋವು ಹೋಯಿತು, ಎಡದ್ದು ಉಳಿಯಿತು. ಎರಡನೇ ಸಲ ಸೀಟು ಬಿಚ್ಚಿ ಮುಂಭಾಗ ತಗ್ಗಿಸಿ, ಹ್ಯಾಂಡಲ್ ಎತ್ತರಿಸಿದರು. ಬೆನ್ನು ಹಗುರಾಯಿತು, ಎಡ ಮೊಣಕಾಲು ಹಾಗೆಯೇ. ವೀರ್ಯದ ನಳಿಕೆಗಳನ್ನು ಥಂಡಿಯಲ್ಲಿಡುವ ಕ್ಯಾನನ್ನು ಸೀಟಿನ ಹಿಂದೆ ಕಟ್ಟಿರುವುದರಿಂದ ಕಲ್ಮೇಶರಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಮೂರನೇ ಸಲ ಆ ಕ್ಯಾನನ್ನೂ ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಸೀಟನ್ನು ಉದ್ದ ಮಾಡಿದರು. ಎಡ ಮೊಣಕಾಲು ಯಾವುದಕ್ಕೂ ಬಗ್ಗಲಿಲ್ಲ.

“ದವಾಖಾನಿಗೆ ಹೋದ್ರ ಎಲುಬು ಛಲೋ ಐತಿ ಅಂತಾರ. ಊರಾಗ ಹೋದ್ರ ವಾಯು ಅಂತಾರ. ನಮ್ಮ ಅಪ್ಪ ಅಂತೂ, ನಿನ್ನ ಎತ್ತರಕ್ಕ ಗಾಡಿ ಅಲ್ಲೋ, ಏರಾಕ ಒಂಟಿ ಬೇಕು ಅಂತಾನ,” ಎನ್ನುತ್ತಾರೆ ಕಲ್ಮೇಶ.

“ಒಂಟಿ ಮ್ಯಾಲಾದ್ರೂ ಗಾದಿ ನಾವ ಹೊಲಿಬೇಕಲ್ಲ,” ನಜಮಾ ಹೊಲಿಗೆ ಬಿಡದೆ ಹೇಳುತ್ತಾರೆ.

ಬಂದಗಿಸಾಬ ನಗುವುದಿಲ್ಲ. ಮೊಣಕಾಲಿಗೂ ಟ್ಯಾಂಕಿಗೂ ನಡುವೆ ಮತ್ತೆ ಮೂರು ಬೆರಳು ತೂರಿಸಿ ನೋಡುತ್ತಾರೆ. ಸಲೀಸಾಗಿ ಹೋಗುತ್ತವೆ. ಗಾಡಿಯ ಬಲಕ್ಕೆ ಬಂದು ನಿಲ್ಲುತ್ತಾರೆ, ಎಡಕ್ಕೆ ಹೋಗಿ ನಿಲ್ಲುತ್ತಾರೆ. ಟಾಂಗಾದ ಕಾಲದಿಂದ ಕಲಿತ ಲೆಕ್ಕವೆಲ್ಲ ಸರಿ ಎನ್ನುತ್ತಿದೆ, ಮನುಷ್ಯನ ಕಾಲು ಮಾತ್ರ ಸುಳ್ಳು ಎನ್ನುತ್ತಿದೆ. “ಹಿಂಗ ಎಂದೂ ಆಗಿಲ್ರಿ. ತಪ್ಪ ಸಿಕ್ರ ತಿದ್ದಬಹುದು. ತಪ್ಪ ಇಲ್ಲ ಅಂದ್ರ ಏನ ತಿದ್ದಲಿ?”

ಅಷ್ಟರಲ್ಲಿ ಪಕ್ಕದ ಎಸ್‌ಟಿಡಿ ಬೂತಿನ ಭುವನೇಶ್ವರಿ ಕಟ್ಟೆಗೆ ಬಂದು ಕೂಗುತ್ತಾರೆ. “ಡಾಕ್ಟ್ರ, ನಿಮಗ ಫೋನ್ ಬಂದಿತ್ತು. ಹುಲಿಗೆವ್ವನ ಎಮ್ಮಿ ನಿನ್ನಿ ಸಂಜಿಯಿಂದ ಒದರಾಕತ್ತೈತಂತ. ಲಗೂನ ಬರ್ಬೇಕಂತ.”

ಕಲ್ಮೇಶ ಗಾಡಿಯನ್ನು ಹೊರಗೆ ತಳ್ಳುತ್ತಾರೆ. ಹೊಸ್ತಿಲ ಹೊರಗೆ ಬಿಟ್ಟಿದ್ದ ರಬ್ಬರಿನ ಗಂಬೂಟುಗಳಲ್ಲಿ ಕಾಲು ತೂರಿಸುತ್ತಾರೆ. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನಿಂತು ಮಾಡುವ ಕೆಲಸಕ್ಕೆ ಅವು ಬೇಕೇ ಬೇಕು. ಗಾಡಿ ಚಾಲೂ ಆಗುತ್ತದೆ, ಓಣಿಯ ತಿರುವಿಗೆ ಹೊರಳುತ್ತದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬಂದಗಿಸಾಬರಿಗೆ ಆಗ ಅದು ಕಾಣುತ್ತದೆ. ಬಲಪಾದ ನೆಟ್ಟಗೆ ಮುಂದಕ್ಕಿದೆ. ಎಡಪಾದ ಮಾತ್ರ ಹೊರಕ್ಕೆ ತಿರುಗಿಕೊಂಡಿದೆ, ಮೊಣಕಾಲು ಅದರ ಹಿಂದೆ ತಿರುಚಿಕೊಂಡಿದೆ.

“ಏ ಡಾಕ್ಟ್ರ, ನಿಂದ್ರೋ! ಕಾಲ ನೋಡ್ಕೋ!”

ಎಮ್ಮೆಯ ಹೊತ್ತು ಮೀರುತ್ತಿರುವಾಗ ಯಾರು ನಿಲ್ಲುತ್ತಾರೆ? ಗಾಡಿ ಹೋಗಿಬಿಡುತ್ತದೆ.

ಮುಂದಿನ ಎರಡೂವರೆ ಗಂಟೆ ಬಂದಗಿಸಾಬ ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ. ಅಂಗಡಿಯೊಳಗೆ ಕುಳಿತಾಗ ನೆಟ್ಟಗಿದ್ದ ಪಾದ ಓಣಿಗೆ ಹೋದೊಡನೆ ಯಾಕೆ ತಿರುಗಿತು? ಗಾಡಿ ಅದೇ, ಕಾಲು ಅದೇ. ನಜಮಾ ಚಹಾ ಕೊಟ್ಟು, “ಒಳಗ ಒಂದ ಕಾಲ, ಹೊರಗ ಒಂದ ಕಾಲ ಅದಾವೇನ್ರಿ ಅವಗ?” ಎಂದು ಕೇಳಿದಾಗ ಅವರ ಕಣ್ಣು ಖಾಲಿ ಹೊಸ್ತಿಲಿಗೆ ಹೋಗುತ್ತದೆ.

ಈ ಅಂಗಡಿಗೆ ಯಾರೂ ಚಪ್ಪಲಿ ಮೆಟ್ಟಿ ಬರುವುದಿಲ್ಲ. ಮಧ್ಯಾಹ್ನ ಬಂದಗಿಸಾಬ ನಮಾಜಿಗೆ ಬಟ್ಟೆ ಹಾಸುವುದು ಇದೇ ನೆಲದ ಮೇಲೆ. ಯಾರೂ ಹೇಳಿಲ್ಲ, ಬೋರ್ಡೂ ಇಲ್ಲ. ಬಂದವರು ತಾವಾಗಿ ಮೆಟ್ಟು ಹೊರಗೆ ಬಿಡುತ್ತಾರೆ. ಸಗಣಿಯ ಬೂಟಿನ ಕಲ್ಮೇಶ ಬಿಡದೆ ಇರುತ್ತಾರೆಯೇ? ಇಪ್ಪತ್ತೆರಡು ವರ್ಷ ಬಂದಗಿಸಾಬ ಎಲ್ಲರನ್ನೂ ಬರಿಗಾಲಲ್ಲೇ ಅಳೆದಿದ್ದಾರೆ. ತೆಳು ಚಪ್ಪಲಿಯವರಿಗೆ ಅದರಿಂದ ಏನೂ ಆಗಿರಲಿಲ್ಲ.

ಒಂಬತ್ತಕ್ಕೆ ಕಲ್ಮೇಶ ವಾಪಸು ಬಂದಾಗ ಬಂದಗಿಸಾಬ ಬಾಗಿಲಲ್ಲೇ ತಡೆಯುತ್ತಾರೆ.

“ಎಮ್ಮಿ?”

“ಸಿಕ್ತ್ರಿ. ಕೊನೀ ಗಳಿಗ್ಯಾಗ ಮುಟ್ಟೀನಿ.”

“ಬೂಟ ಕಳೀಬ್ಯಾಡ. ಗಾಡಿ ಒಳಗ ತಗೊಂಡ ಹಂಗ ಬಾ.”

“ಚಾಚಾ, ಸಗಣಿ ಐತ್ರಿ.”

“ಇರ್ಲಿ ಬಾ ಅಂದೆ.”

ನಜಮಾ ಒಂದು ಗೋಣಿಚೀಲ ಹಾಸುತ್ತಾರೆ. ಕಲ್ಮೇಶ ಸಂಕೋಚದಿಂದಲೇ ಹತ್ತಿ ಕೂರುತ್ತಾರೆ. ಗಾಡಿಯ ಎಡಕ್ಕೆ ಗೇರು. ಅದಕ್ಕೆ ಮುಂದೊಂದು, ಹಿಂದೊಂದು ತುಳಿಯುವ ಪಟ್ಟಿ, ನಡುವೆ ಪಾದ ಇರಬೇಕು. ಕಲ್ಮೇಶರ ಬರಿಪಾದ ಅಲ್ಲಿ ಅಚ್ಚು ಹೊಯ್ದಂತೆ ಕೂರುತ್ತಿತ್ತು. ದಪ್ಪ ಬೂಟು ಕೂರುವುದೇ ಇಲ್ಲ. ಅದಕ್ಕೇ ಪಾದ ಹೊರಕ್ಕೆ ತಿರುಗುತ್ತಿದೆ, ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಮೊಣಕಾಲು ತಿರುಚಿಕೊಂಡೇ ಹೋಗುತ್ತಿದೆ. ಬಲಕ್ಕೆ ಬರೀ ಬ್ರೇಕು, ಅಲ್ಲಿ ಬೂಟಿಗೆ ಬೇಕಾದಷ್ಟು ಜಾಗ.

“ನಾ ಸೀಟ ಹೊಲಿಯಾಂವ. ನನ್ನ ಕಣ್ಣ ಸೀಟ ಬಿಟ್ಟ ಕೆಳಗ ಇಳೀಲೇ ಇಲ್ಲ,” ಎನ್ನುತ್ತಾರೆ ಬಂದಗಿಸಾಬ. ಹೇಳುವಾಗ ಮುಖದಲ್ಲಿ ಸಮಾಧಾನಕ್ಕಿಂತ ನಾಚಿಕೆ ಹೆಚ್ಚು.

ಅಂದೇ ವೆಲ್ಡಿಂಗಿನ ಚಾಂದಸಾಬ ಗೇರಿನ ಪಟ್ಟಿಯನ್ನು ಮುಂದಕ್ಕೆ ಎರಡು ಬೆರಳು, ಹಿಂದಕ್ಕೆ ಒಂದು ಬೆರಳು ಉದ್ದ ಮಾಡಿ ಕೊಡುತ್ತಾರೆ. ಬೂಟಿನ ದಪ್ಪಕ್ಕೆ ಸರಿಹೋಗುವಂತೆ ಸೀಟನ್ನೂ ನಾಲ್ಕನೇ ಸಲ ಬಿಚ್ಚಿ ಇನ್ನೊಂದು ಪದರು ಸ್ಪಂಜು ಸೇರಿಸಲಾಗುತ್ತದೆ. ಎಂಟು ದಿನ ಓಡಿಸಿ ನೋಡಿ ಬಾ ಎಂದು ಬಂದಗಿಸಾಬ ಕಳಿಸುತ್ತಾರೆ.

ಎಂಟು ದಿನ ಕಳೆಯುತ್ತದೆ. ಕಲ್ಮೇಶ ಬರುವುದಿಲ್ಲ. ಹತ್ತು ಕಳೆಯುತ್ತದೆ. ನೋವು ಹೋಯಿತೆಂದು ಬರಲಿಲ್ಲವೋ, ಬೇಸತ್ತು ಬೇರೆ ಅಂಗಡಿ ಹಿಡಿದರೋ, ಬಂದಗಿಸಾಬರಿಗೆ ತಿಳಿಯುವುದಿಲ್ಲ. ಈ ಕಸುಬಿನ ರೀತಿಯೇ ಹಾಗೆ ಎನ್ನುತ್ತಾರೆ. “ಬ್ಯಾನಿ ಇದ್ದವ್ರು ಬರ್ತಾರ. ಆರಾಮ ಆದವ್ರು ಹೇಳಾಕ ಬರೂದಿಲ್ರಿ. ಹಂಗಾಗಿ ನನ್ನ ಕೆಲಸ ಛಲೋ ಐತೋ ಇಲ್ಲೋ ನನಗ ಗೊತ್ತಾಗೂದ ಇಲ್ಲ.”

ಈ ನಡುವೆ ಅವರು ಅಂಗಡಿಯ ನೆಲದ ನಡುವೆ ಸುಣ್ಣದ ಗೆರೆ ಎಳೆದಿದ್ದಾರೆ. ಗೆರೆಯ ಒಳಗೆ ನಮಾಜಿನ ಜಾಗ. ಹೊರಗಿನ ಅರ್ಧಕ್ಕೆ ಗಾಡಿ, ಗಿರಾಕಿ, ಮೆಟ್ಟು ಸಮೇತ. ಹಳಬರು ಈಗಲೂ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಾರೆ. ಅವರನ್ನು ಹೊರಗೆ ಕಳಿಸಿ, ಮೆಟ್ಟಿಕೊಂಡು ಬರುವಂತೆ ಮಾಡುವುದೇ ಈಗ ನಜಮಾ ಅವರಿಗೆ ಹೊಸ ಕೆಲಸ.

ಮುಂದಿನ ತಿಂಗಳ ಎರಡನೇ ತಾರೀಖು ಬೆಳಿಗ್ಗೆ ಬೂತಿನ ಫೋನು ಮತ್ತೆ ರಿಂಗಾಗುತ್ತದೆ. ಯಾವುದೋ ಹಳ್ಳಿಯಿಂದ ಡಾಕ್ಟರನ್ನು ಕೇಳುತ್ತಿದ್ದಾರೆ. ಬಂದಗಿಸಾಬ ಕತ್ತರಿ ನಿಲ್ಲಿಸಿ ಕಿವಿಗೊಡುತ್ತಾರೆ.

“ಕಲ್ಮೇಶ ಡಾಕ್ಟ್ರೇನ್ರಿ? ಹೌದ್ರಿ, ಹನ್ನೊಂದೂ ಹಳ್ಳಿಗೆ ಇನ್ನೂ ಅವ್ರ ಅದಾರ,” ಭುವನೇಶ್ವರಿಯ ದನಿ ಗೋಡೆಯಾಚೆಯಿಂದ ಕೇಳುತ್ತದೆ. “ಆಗ್ಲೇ ಹೊಂಟಾರ್ರಿ. ಇಷ್ಟೊತ್ತಿಗೆ ನಿಮ್ಮ ಊರ ಅಗಸಿ ಬಾಗಲಕ್ಕ ಬಂದಿರ್ತಾರ ನೋಡ್ರಿ.”

ಬಂದಗಿಸಾಬ ರೆಕ್ಸಿನ್ ಕತ್ತರಿಸುವುದನ್ನು ಮುಂದುವರಿಸುತ್ತಾರೆ. ಸೀಟಿಗಾಗಿ ಕಾದು ಕುಳಿತ ಗಿರಾಕಿಯೊಬ್ಬರು, ಈ ಕಸುಬಿನಲ್ಲಿ ನಿಮಗೇನು ಆಸೆ ಎಂದು ಕೇಳಿದ್ದಕ್ಕೆ ಕೆಲಸದಿಂದ ಕಣ್ಣೆತ್ತದೆ ಉತ್ತರಿಸುತ್ತಾರೆ:

“ಯಾರರ ಒಬ್ಬರು ಗಾಡಿ ಹೊರಗ ಬಿಟ್ಟು, ಏನೂ ದುರಸ್ತಿ ಇಲ್ಲ ಅಂತ ಹೇಳಿ, ಸುಮ್ನ ಕುಂತು ಒಂದ ಕಪ್ ಚಾ ಕುಡದ ಹೋಗ್ಬೇಕ್ರಿ. ಅಷ್ಟ.”